ಲುಪ್ತವಾಣಿಯ ಪುನರುದ್ಧಾರ: ಪಿಪಿಟಿ ಪರಂಪರೆಯ ಒಂದು ಗ್ರಂಥಸಂಪಾದನಾ ಸಮೀಕ್ಷೆ

ನಿನ್ನೆಯವರೆಗೆ ಮಾತಾಡುತ್ತಿದ್ದ ಪಿಪಿಟಿ ಇಂದು ಮೂಕವಾಗುವುದೇಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಪಂಥಗಳಿವೆ. ‘ಫೈಲ್ ಕರಪ್ಟ್ ಆಗಿದೆ ಸಾರ್’ ಎನ್ನುವ ಕಂಪ್ಯೂಟರ್ ಲ್ಯಾಬಿನ ಪಂಥ ಒಂದು. ‘ಯಾರೋ ಏನೋ ಮುಟ್ಟಿದ್ದಾರೆ’ ಎನ್ನುವ ಸ್ಟಾಫ್ ರೂಮಿನ ಪಂಥ ಇನ್ನೊಂದು. ಇವೆರಡನ್ನೂ ಪೂರ್ವಪಕ್ಷವಾಗಿಟ್ಟುಕೊಂಡು, ಧ್ವನಿ ಬಹುಮಟ್ಟಿಗೆ ಎಲ್ಲಿಗೂ ಹೋಗಿರುವುದಿಲ್ಲ, ವಿಳಾಸ ತಪ್ಪಿರುತ್ತದೆ ಅಷ್ಟೆ ಎಂದು ಸಾಧಿಸುವುದು ಈ ಪ್ರಬಂಧದ ಉದ್ದೇಶ. (ಮುಟ್ಟಿದವರು ಯಾರೆಂಬುದು ಪ್ರತ್ಯೇಕ ಸಂಶೋಧನೆ, ಅದಕ್ಕೆ ಅನುದಾನ ಸಿಕ್ಕಿಲ್ಲ.)

ಮೊದಲು ಕಾಲವಿಭಾಗ. ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಎಂಬಿಬ್ಬರು ಕಟ್ಟಿದ ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಬಂದಾಗ ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಳೆ ಒದಗಿಸುವುದೇ ಅದರ ಕೆಲಸ. ಕಳೆದುಹೋಗಲು ಧ್ವನಿಯೇ ಇರಲಿಲ್ಲವಾದ್ದರಿಂದ ಅದನ್ನು ಸುವರ್ಣಯುಗವೆನ್ನಲು ಅಡ್ಡಿಯಿಲ್ಲ. ಬಳಿಕ ಬಂದದ್ದು ನಡುಗಾಲ. ಆಗ ಹೊರಗಿನಿಂದ ಸೇರಿಸಿದ ವೇವ್ ಫೈಲು 100 ಕೆಬಿ ಮೀರಿದರೆ, ಸೆಟ್ಟಿಂಗ್ ಬದಲಿಸದ ಹೊರತು, ಅದು ಪಿಪಿಟಿಯ ಒಳಗೆ ಕೂರುತ್ತಿರಲಿಲ್ಲ. ಬರೀ ಕೊಂಡಿ ಇರುತ್ತಿತ್ತು. ಪೆನ್‌ಡ್ರೈವಿನಲ್ಲಿ ಪಿಪಿಟಿ ಸೆಮಿನಾರಿಗೆ ಬರುತ್ತಿತ್ತು, ಧ್ವನಿ ಮನೆಯಲ್ಲೇ ಉಳಿಯುತ್ತಿತ್ತು. ಆ ಯುಗದ ಪ್ರತಿಗಳಿಗಾಗಿ ಕಂಬನಿ ಮಿಡಿಯುವುದರಾಚೆ ಸಂಪಾದಕರು ಏನನ್ನೂ ಮಾಡಲಾರರು. 2007ರ ಆವೃತ್ತಿಯಲ್ಲಿ ಪಿಪಿಟಿಎಕ್ಸ್ ಅವತರಿಸಿತು, 2010ರ ಆವೃತ್ತಿಯಿಂದ ಸೇರಿಸಿದ ಧ್ವನಿಗೂ ಒಳಗೇ ಜಾಗ ಸಿಕ್ಕಿತು. ನಮ್ಮ ಅಧ್ಯಯನಕ್ಕೆ ಇಲ್ಲಿಂದ ಬಾಗಿಲು ತೆರೆಯುತ್ತದೆ.

ಪಿಪಿಟಿಎಕ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಎರಡು ಅಕ್ಷರ ‘ಪಿಕೆ’. ವಚನಕಾರರು ಕೊನೆಯಲ್ಲಿಡುವ ಅಂಕಿತವನ್ನು ಜಿಪ್ ವಿಧಾನದ ಕರ್ತೃ ಫಿಲ್ ಕ್ಯಾಟ್ಸ್ ಮೊದಲಲ್ಲೇ ಇಟ್ಟಿದ್ದಾನೆ. ಅಂಕಿತ ಸಿಕ್ಕಮೇಲೆ ಕರ್ತೃತ್ವದ ಚರ್ಚೆ ಬೇಡ: ಇದು ಜಿಪ್ ಗಂಟು. ಫೈಲಿನ ಒಂದು ನಕಲು ಮಾಡಿ, ಬಾಲದಲ್ಲಿರುವ ‘ಪಿಪಿಟಿಎಕ್ಸ್’ ಅಳಿಸಿ ‘ಜಿಪ್’ ಎಂದು ಬರೆದರೆ ಗಂಟು ಬಿಚ್ಚುತ್ತದೆ. ವಿಂಡೋಸ್ ಹೆದರಿಸುತ್ತದೆ, ಲಕ್ಷಿಸಬಾರದು. ಬಾಲವೇ ಕಾಣದಂತೆ ವಿಂಡೋಸ್ ಮರೆಮಾಡಿದ್ದನ್ನು ಗಮನಿಸದೆ ‘ಪಾಠ.ಜಿಪ್.ಪಿಪಿಟಿಎಕ್ಸ್’ ಎಂಬ ಮಿಶ್ರತಳಿಯನ್ನು ಸೃಷ್ಟಿಸಿದವರೂ ಈ ಕ್ಷೇತ್ರದಲ್ಲಿದ್ದಾರೆ.

ಯಾವ ಪ್ರತಿಯನ್ನು ಬಿಚ್ಚಬೇಕು? ‘ಫೈನಲ್’, ‘ಫೈನಲ್ 2’, ‘ಫೈನಲ್ ಇದೇ’ ಎಂಬ ಪ್ರತಿಗಳು ಅರ್ವಾಚೀನ, ಆದ್ದರಿಂದ ನಂಬಲರ್ಹವಲ್ಲ. ಧ್ವನಿಯನ್ನು ಅಳಿಸಿ ಸೇವ್ ಮಾಡಿದ್ದರೆ ಆ ಪ್ರತಿಯ ಗಂಟಿನಲ್ಲೂ ಏನೂ ಉಳಿದಿರುವುದಿಲ್ಲ. ಶುದ್ಧಪಾಠ ಸಾಮಾನ್ಯವಾಗಿ ಸಿಗುವುದು ಇಮೇಲಿನ ಸೆಂಟ್ ಪೆಟ್ಟಿಗೆಯಲ್ಲಿ, ಯಾರಿಗೋ ‘ಒಮ್ಮೆ ನೋಡಿ’ ಎಂದು ಕಳಿಸಿ, ಅವರು ನೋಡದೆ ಬಿಟ್ಟ ಪ್ರತಿಯಲ್ಲಿ.

ಗಂಟಿನೊಳಗೆ ‘ಪಿಪಿಟಿ’ ಎಂಬ ಫೋಲ್ಡರ್, ಅದರೊಳಗೆ ‘ಮೀಡಿಯಾ’. ಅಲ್ಲಿ ‘ಮೀಡಿಯಾ1’, ‘ಮೀಡಿಯಾ2’ ಎಂದು ಎಂ4ಎ ಫೈಲುಗಳು ಚಿತ್ರಗಳ ನಡುವೆ ಸಾಲಾಗಿರುತ್ತವೆ. ಅಂಕಿಯನ್ನೇ ಸ್ಲೈಡಿನ ಸಂಖ್ಯೆಯೆಂದು ತಿಳಿಯುವುದು ಆರಂಭಿಕರ ದೋಷ. ಮೂರನೆಯ ಸ್ಲೈಡಿನಲ್ಲಿ ಉಪನ್ಯಾಸಕರು ಬಾಯಿ ಬಿಟ್ಟಿರದಿದ್ದರೆ ಲೆಕ್ಕವೆಲ್ಲ ಒಂದು ಮನೆ ಹಿಂದಕ್ಕೆ. ಯಾವ ಧ್ವನಿ ಯಾವ ಸ್ಲೈಡಿನದು ಎಂಬ ವಂಶಾವಳಿ ‘ಸ್ಲೈಡ್ಸ್’ ಫೋಲ್ಡರಿನೊಳಗಿನ ‘ರೆಲ್ಸ್’ ಎಂಬ ಉಪಫೋಲ್ಡರಿನಲ್ಲಿ, ಒಂದೊಂದು ಸ್ಲೈಡಿಗೆ ಒಂದೊಂದು ಚೀಟಿಯಾಗಿ ಇದೆ. ಅದನ್ನು ಓದುವ ತಾಳ್ಮೆ ಇಲ್ಲದವರು ಎಲ್ಲವನ್ನೂ ಕೇಳಿಯೇ ತಿಳಿಯುತ್ತಾರೆ. ತಮ್ಮದೇ ಪಾಠವನ್ನು ಕೊನೆಯವರೆಗೆ ಕೇಳುವ ಶಿಕ್ಷೆ ಅಧ್ಯಾಪಕ ವೃತ್ತಿಯಲ್ಲಿ ಮತ್ತೆಲ್ಲೂ ಇಲ್ಲ.

ಪಾಠಪರಿಷ್ಕರಣೆಯೇ ಇಲ್ಲಿ ನಿಜವಾದ ಪಾಂಡಿತ್ಯ ಬೇಡುವ ಭಾಗ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೊರಳುವ ಟ್ರಾನ್ಸಿಷನ್ ಹೊತ್ತಿನಲ್ಲಿ ಪವರ್‌ಪಾಯಿಂಟ್ ರೆಕಾರ್ಡ್ ಮಾಡುವುದಿಲ್ಲ. ಕನ್ನಡದಲ್ಲೋ ವಾಕ್ಯದ ಹಣೆಬರಹ ನಿರ್ಧಾರವಾಗುವುದು ಕೊನೆಯಲ್ಲಿ. ಹೀಗಾಗಿ ಮಾತು ನಿಲ್ಲಿಸದೆ ಸ್ಲೈಡ್ ತಿರುಗಿಸಿದ ಉಪನ್ಯಾಸಕರ ಆರನೆಯ ಸ್ಲೈಡು ‘ಈ ಅಧ್ಯಾಯ ಪರೀಕ್ಷೆಗೆ ಬರು...’ ಎಂದು ಮುರಿದು, ಏಳನೆಯದು ‘...ಆದ್ದರಿಂದ ಹುಷಾರಾಗಿರಿ’ ಎಂದು ಶುರುವಾಗುತ್ತದೆ. ‘ಬರುತ್ತದೆ’ಯೋ ‘ಬರುವುದಿಲ್ಲ’ವೋ? ಶಾಸನಶಾಸ್ತ್ರದಂತೆ ಇಲ್ಲಿ ಚುಕ್ಕಿ ಇಟ್ಟು ಮುಂದೆ ಸಾಗಬೇಕು, ಊಹಾಪಾಠ ಸಲ್ಲದು. ವಿದ್ಯಾರ್ಥಿಗಳು ಏಕಕಂಠದಿಂದ ಸೂಚಿಸುವ ಪಾಠ ‘ಬರುವುದಿಲ್ಲ’.

ಹಿನ್ನೆಲೆಯಲ್ಲಿ ಕೇಳಿಬರುವ ಕುಕ್ಕರಿನ ಕೂಗು, ‘ಸೊಪ್ಪೂ’ ಎಂಬ ಬೀದಿಯ ದನಿ, ‘ಏನ್ರೀ, ಮುಗೀತಾ?’ ಎಂಬ ಸ್ತ್ರೀವಾಕ್ಯ ಪ್ರಕ್ಷಿಪ್ತವೋ ಮೂಲವೋ? ಕುಕ್ಕರಿನ ಕೂಗನ್ನು ಮೂಲದಲ್ಲೇ ಉಳಿಸಬೇಕೆಂದು ನನ್ನ ಮತ. 2020ರ ಲಾಕ್‌ಡೌನಿನಲ್ಲಿ ಅಡುಗೆಮನೆಗೆ ಒತ್ತಿಕೊಂಡ ಕೋಣೆಯಲ್ಲಿ ಹುಟ್ಟಿದ ಕೃತಿಗಳಿಗೆ ಅದಕ್ಕಿಂತ ಗಟ್ಟಿಯಾದ ಆಂತರಿಕ ಪ್ರಮಾಣ ಬೇರೆಯಿಲ್ಲ.

ಇನ್ನು ಪುನಃಪ್ರತಿಷ್ಠೆ. ಇನ್ಸರ್ಟ್‌ಗೆ ಹೋಗಿ, ಆಡಿಯೋ ಆರಿಸಿ, ಆಯಾ ಸ್ಲೈಡಿಗೆ ಆಯಾ ಧ್ವನಿ ಸೇರಿಸುವುದು. ಪ್ಲೇಬ್ಯಾಕ್‌ನಲ್ಲಿ ‘ಆಟೋಮ್ಯಾಟಿಕಲಿ’ ಮತ್ತು ‘ಹೈಡ್ ಡ್ಯೂರಿಂಗ್ ಶೋ’ ಒತ್ತುವುದು. ಪಕ್ಕದಲ್ಲೇ ‘ಪ್ಲೇ ಇನ್ ಬ್ಯಾಕ್‌ಗ್ರೌಂಡ್’ ಎಂಬ ಮೋಹಕ ಗುಂಡಿಯಿದೆ. ಅದನ್ನು ಒತ್ತಿದರೆ ಧ್ವನಿ ತನ್ನ ಸ್ಲೈಡು ದಾಟಿಯೂ ನಿಲ್ಲದೆ ಮತ್ತೆ ಮತ್ತೆ ಮೊದಲಿನಿಂದ ಸುತ್ತುತ್ತದೆ. ಎಲ್ಲ ಸ್ಲೈಡಿಗೂ ಹಾಗೆ ಮಾಡಿದವರ ಪಾಠದಲ್ಲಿ ಐದನೆಯ ಸ್ಲೈಡು ತಲುಪುವಷ್ಟರಲ್ಲಿ ಒಬ್ಬರೇ ಮೇಷ್ಟ್ರು ಐದು ಬಾಯಲ್ಲಿ ಬೋಧಿಸುತ್ತಿರುತ್ತಾರೆ. ಸ್ಲೈಡುಗಳು ತಾವಾಗಿ ಮುಂದೆ ಸರಿಯುವ ಸಮಯ ಮಾತ್ರ ಧ್ವನಿಯ ಜೊತೆ ಮರಳುವುದಿಲ್ಲ. ಟ್ರಾನ್ಸಿಷನ್ಸ್‌ನಲ್ಲಿ ‘ಆಫ್ಟರ್’ ಎಂಬೆಡೆ ಒಂದೊಂದಕ್ಕೂ ಸೆಕೆಂಡು ಎಣಿಸಿ ತುಂಬಬೇಕು.

ಇಷ್ಟಾದ ಮೇಲೆ ಪರಿಷ್ಕೃತ ಪ್ರತಿಯನ್ನು ವಿಭಾಗಕ್ಕೆ ಸಲ್ಲಿಸುವುದು. ಫೈಲು ಬಲು ದೊಡ್ಡದಾಯಿತು, ಪಿಡಿಎಫ್ ಮಾಡಿ ಕಳಿಸಿ ಎಂದು ಕಚೇರಿಯಿಂದ ಫೋನ್ ಬರುತ್ತದೆ.