ಸೈತಾನ ಸತ್ತ, ಇನ್ನು ಆಟ ಶುರು

‘ಈ ಗೇಮ್ ಮುಗಿಸೋಕೆ ಎಷ್ಟು ಗಂಟೆ ಹಿಡಿಯುತ್ತೆ?’ ಎಂದು ಆ್ಯಕ್ಷನ್ ಆರ್‌ಪಿಜಿ ಆಡುವವರನ್ನು ಒಮ್ಮೆ ಕೇಳಿ ನೋಡಿ. ಮೊದಲು ಅವರಿಗೆ ನಿಮ್ಮ ಮೇಲೆ ಕನಿಕರ ಬರುತ್ತದೆ. ‘ಮುಗಿಸೋದು ಅಂದ್ರೆ? ಕ್ಯಾಂಪೇನಾ?’ ಎನ್ನುತ್ತಾರೆ. ಹೂಂ ಅಂದಿರೋ, ನಿಮ್ಮ ಯೋಗ್ಯತೆ ಅಲ್ಲಿಗೆ ಗೊತ್ತಾಗಿ ಹೋಯಿತು. ಕ್ಯಾಂಪೇನ್, ಅಂದರೆ ಕಥೆಯ ಭಾಗ, ಆಟವೇ ಅಲ್ಲವಂತೆ. ಸುಟ್ಟ ಊರುಗಳು, ಎದೆ ಬಡಿದುಕೊಳ್ಳುವ ತಾಯಂದಿರು, ದಾರಿ ತಪ್ಪಿದ ದೇವದೂತರು, ಕೊನೆಗೆ ಲೋಕೋದ್ಧಾರ, ಇಷ್ಟೂ ಬರೀ ಪೂರ್ವರಂಗ. ನಿಜವಾದ ಆಟ ಆಮೇಲೆ. ಲೋಕ ಉದ್ಧಾರವಾದ ಮೇಲೆ ಇನ್ನೇನು ಕೆಲಸ ಎಂದು ಕೇಳಬಾರದು. ಉದ್ಧಾರಕನ ಬೂಟಿಗೆ ಇನ್ನೂ ಎರಡು ಪರ್ಸೆಂಟ್ ವೇಗ ಕಮ್ಮಿಯಿದೆ.

ಈ ಪದ್ಧತಿಗೆ ಶಾಸ್ತ್ರೋಕ್ತ ರೂಪ ಕೊಟ್ಟದ್ದು 2000ದಲ್ಲಿ ಬಂದ ‘ಡಯಾಬ್ಲೊ 2’. ನಾಲ್ಕು ಆ್ಯಕ್ಟು, ಮರುವರ್ಷ ‘ಲಾರ್ಡ್ ಆಫ್ ಡಿಸ್ಟ್ರಕ್ಷನ್’ ಬಂದು ಐದಾಯಿತು. ಆ್ಯಕ್ಟಿಗೆ ಆರು ಕೆಲಸ. ಸಾಕ್ಷಾತ್ ಸೈತಾನ ಡಯಾಬ್ಲೊ ಕಾದು ಕೂತಿರುವ ನಾಲ್ಕನೆಯದಕ್ಕೆ ಮಾತ್ರ ಮೂರೇ. ಅಷ್ಟು ಹೊತ್ತಿಗೆ ಬರೆಯುವವರಿಗೂ ಸುಸ್ತಾಗಿದ್ದಿರಬೇಕು. ಒಟ್ಟು 27. ಮರುಭೂಮಿ ದಾಟಿ, ಕುರಾಸ್ಟ್‌ನ ಕಾಡಿನಲ್ಲಿ ದಾರಿ ತಪ್ಪಿ, ನರಕಕ್ಕೆ ಹೋಗಿ ಬಂದು, ಹಿಮದ ಬೆಟ್ಟ ಹತ್ತಿ ಬಾಲ್ ಎಂಬವನನ್ನು ಕೊಂದು ಉಸ್ಸಪ್ಪಾ ಎನ್ನುವಷ್ಟರಲ್ಲಿ ‘ನೈಟ್‌ಮೇರ್’ ಎಂಬ ಎರಡನೇ ಸುತ್ತು ಬಾಗಿಲು ತೆಗೆಯುತ್ತದೆ. ಒಳಗೆ ಹೋದರೆ ಅದೇ ಮೊದಲ ಶಿಬಿರ, ಅದೇ ಬೆಂಕಿ, ಅದೇ ವಾರಿವ್. ಯಾರೋ ದಾರಿಹೋಕ ಬಂದನೆಂಬಂತೆ ನಿಮಗೆ ಊರಿನ ಕಷ್ಟ ಹೇಳುತ್ತಾನೆ. ಅಕಾರಾ ತಾಯಿ ಬಂದು, ಆ ಗುಹೆಯಲ್ಲಿ ದೆವ್ವಗಳು ಸೇರಿಕೊಂಡಿವೆ, ಸ್ವಲ್ಪ ಗುಡಿಸಿ ಕೊಡಪ್ಪಾ ಎನ್ನುವ ಧಾಟಿಯಲ್ಲಿ ಅದೇ ಗುಹೆಗೆ ಅಟ್ಟುತ್ತಾಳೆ. ಪಾಯಸವಾಗಿ, ಮಜ್ಜಿಗೆಯೂ ಆಗಿ, ಕೈ ತೊಳೆಯಲು ಏಳಬೇಕು ಎನ್ನುವಾಗ ಬಡಿಸುವವನು ಮತ್ತೆ ಎಲೆಯ ತುದಿಗೆ ಉಪ್ಪು ಹಾಕಿದಂತೆ. ನೈಟ್‌ಮೇರ್ ಮುಗಿಸಿದರೆ ‘ಹೆಲ್’. ಮತ್ತೆ ಉಪ್ಪು. 27 ಮೂರಲಿ 81 ಕೆಲಸ. ಇದನ್ನು ಜನ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು, ಪ್ರೀತಿಯಿಂದ, ದುಡ್ಡು ಕೊಟ್ಟು ಮಾಡಿದ್ದಾರೆ.

ಬಹುಮಾನ ಇಲ್ಲವೆಂದಲ್ಲ. ಬಾಲ್ ಸತ್ತ ಮೇಲೆ, ವಿರ್ಟ್ ಎಂಬ ಸತ್ತ ಹುಡುಗನ ಮರದ ಕಾಲನ್ನೂ ಊರಿಗೆ ಮರಳುವ ಮಂತ್ರದ ಪುಸ್ತಕವನ್ನೂ ಒಂದು ಡಬ್ಬಿಗೆ ಹಾಕಿ ಕಲಸಿದರೆ ಕೆಂಪು ಬಾಗಿಲೊಂದು ತೆರೆಯುತ್ತದೆ. ಆಚೆ ಬದಿಯ ಹುಲ್ಲುಗಾವಲಿನಲ್ಲಿ ಎರಡು ಕಾಲ ಮೇಲೆ ನಡೆಯುವ, ಕೈಯಲ್ಲಿ ಉದ್ದ ಹಿಡಿಯ ಕೊಡಲಿ ಹಿಡಿದ ಹಸುಗಳ ಹಿಂಡು. ಲೋಕ ಉಳಿಸಿದ ವೀರನಿಗೆ ವಿಶ್ರಾಂತಿಯ ವಯಸ್ಸಿನಲ್ಲಿ ಸಿಗುವ ಕೆಲಸ ಆ ಹಿಂಡನ್ನು ಕಡಿಯುವುದು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ಇಲ್ಲಿ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ನ್ಯೂಜಿಲೆಂಡ್‌ನವರ ‘ಪಾತ್ ಆಫ್ ಎಕ್ಸೈಲ್’ 2013ರಲ್ಲಿ ಬಂದಾಗ ಈ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿತು: ನಾರ್ಮಲ್, ಕ್ರೂಯೆಲ್, ಮರ್ಸಿಲೆಸ್. ಒಂದೇ ಕಥೆ, ಮೂರು ಸಲ. ಜನ ಗೊಣಗಿದರು. 2017ರಲ್ಲಿ ಕಂಪನಿ ಕಿವಿಗೊಟ್ಟಿತು. ಇನ್ನು ಮೂರು ಸುತ್ತು ಇಲ್ಲ, ಒಂದೇ ಸುತ್ತು, ಪೂರಾ ಹತ್ತು ಆ್ಯಕ್ಟು! ಜನ ಕುಣಿದರು. ಆಡಿ ನೋಡಿದರೆ ಐದನೆಯದು ಮುಗಿದ ಕೂಡಲೇ ಹಡಗು ನಿಮ್ಮನ್ನು ಮೊದಲ ಆ್ಯಕ್ಟಿನ ಕಡಲತೀರಕ್ಕೇ ತಂದು ಇಳಿಸುತ್ತದೆ. ಅದೇ ಮರಳು, ಅದೇ ಜೈಲು. ಹೆಣಗಳು ಮಾತ್ರ ಹೊಸವು. ಅಷ್ಟೇ ಅಲ್ಲ, ಐದನೇ ಆ್ಯಕ್ಟಿನ ಕೊನೆಯಲ್ಲಿ ಕಿಟಾವ ಎಂಬವನನ್ನು ಗೆದ್ದ ತಪ್ಪಿಗೆ ಬೆಂಕಿ, ಹಿಮ, ಸಿಡಿಲು ತಡೆಯುವ ನಿಮ್ಮ ಶಕ್ತಿಯಲ್ಲಿ 30 ಪರ್ಸೆಂಟ್ ಕಡಿತ. ಹತ್ತನೆಯದರಲ್ಲಿ ಅವನನ್ನೇ ಮತ್ತೆ ಗೆದ್ದರೆ ಇನ್ನೂ 30. ಗೆದ್ದವನಿಗೆ ದಂಡ ಹಾಕುವ ಇಂಥ ನ್ಯಾಯ ಎಲ್ಲೂ ಕಾಣಸಿಗದು. 2024ರ ಡಿಸೆಂಬರ್‌ನಲ್ಲಿ ಎರಡನೇ ಭಾಗ ಬಂತು. ಆರು ಆ್ಯಕ್ಟಿನ ಯೋಜನೆಯಲ್ಲಿ ಮೂರು ತಯಾರಿದ್ದವು. ಉಳಿದ ಜಾಗಕ್ಕೆ ಏನು ಹಾಕಿದರು ಅಂತೀರಿ? ಅವೇ ಮೂರು, ‘ಕ್ರೂಯೆಲ್’ ಹಣೆಪಟ್ಟಿಯೊಂದಿಗೆ. ನಾಲ್ಕನೆಯದು ಬರಲು 2025ರ ಆಗಸ್ಟ್ ಆಗಬೇಕಾಯಿತು.

ಅತ್ತ ಡಯಾಬ್ಲೊ ಮನೆತನ 2023ರ ಜೂನ್‌ನಲ್ಲಿ ನಾಲ್ಕನೇ ಕುಡಿಯನ್ನು ಹೆತ್ತಿತು. ಪ್ರಸ್ತಾವನೆ, ಆರು ಆ್ಯಕ್ಟು, ಉಪಸಂಹಾರ. ಒಳ್ಳೆಯ ದೃಶ್ಯಗಳು, ಲಿಲಿತ್‌ಳಂಥ ಗಟ್ಟಿ ಖಳನಾಯಕಿ. ವರ್ಷಗಟ್ಟಲೆ ದುಡಿದು ಕಟ್ಟಿದ ಕಥೆ ನಿಜವಾಗಿಯೂ ಚೆನ್ನಾಗಿದೆ. ಆ ಕಥೆಗೆ ಕಂಪನಿ ತೋರಿದ ಅತಿದೊಡ್ಡ ಗೌರವವೆಂದರೆ, ಒಮ್ಮೆ ಮುಗಿಸಿದವರಿಗೆ ಅದನ್ನು ಹಾರಿಸಿ ಮುಂದೆ ಹೋಗುವ ಬಟನ್ ಕೊಟ್ಟದ್ದು. ಮುಗಿಸದವರಿಗೆ, ಎಲ್ಲರೂ ಹೊಸದಾಗಿ ಶುರುಮಾಡುವ ಮೊದಲ ಸೀಸನ್ನಿಗೆ ಪ್ರವೇಶವೇ ಇರಲಿಲ್ಲ. ಮುಗಿಸಿದ ಪುಣ್ಯವಂತರು ಅದೇ ವರ್ಷದ ಜುಲೈನಲ್ಲಿ ಒಳಗೆ ಹೋದರು: ಲೆವೆಲ್ 1ರಿಂದ, ಹರಕು ಬಟ್ಟೆಯಲ್ಲಿ, ಹೊಸ ಮುಖ ಹೊತ್ತು. ಅದೇ ಹೊತ್ತಿಗೆ ಬಂದ ಅಪ್‌ಡೇಟು ಡಂಜನ್ನಿನಿಂದ ಹೊರಬರುವ ಮಂತ್ರದ ಸಮಯವನ್ನು 3 ಸೆಕೆಂಡಿನಿಂದ 5ಕ್ಕೆ ಏರಿಸಿತ್ತು. ಕಲ್ಪಿಸಿಕೊಳ್ಳಿ: ಯಾವುದೋ ಮೀಟಿಂಗಿನಲ್ಲಿ ಒಬ್ಬ ಪುಣ್ಯಾತ್ಮ ಕೈಯೆತ್ತಿ, ಈ ಜನ ಗುಹೆಯಿಂದ ಬಹಳ ಬೇಗ ಹೊರಗೆ ಬರುತ್ತಿದ್ದಾರೆ ಸಾರ್ ಎಂದಿರಬೇಕು! ನೂರಾರು ಗಂಟೆ ಕಳೆದುಕೊಂಡದ್ದಕ್ಕೆ ಚಕಾರವೆತ್ತದವರು ಆ ಎರಡು ಸೆಕೆಂಡಿಗಾಗಿ ಬೊಬ್ಬೆ ಹೊಡೆದರು. ಕಂಪನಿ ಸೆಕೆಂಡುಗಳನ್ನು ವಾಪಸ್ ಕೊಟ್ಟಿತು. ಗಂಟೆಗಳನ್ನು ಯಾರೂ ಕೇಳಲಿಲ್ಲ, ಅದೂ ಕೊಡಲಿಲ್ಲ.

ಗಿರಾಕಿಯೇನು ಕಮ್ಮಿ ಆಸಾಮಿಯೇ? ಕೊಳ್ಳುವಾಗ ತಕ್ಕಡಿ ಹಿಡಿದೇ ಬರುತ್ತಾನೆ. ಕಥೆ ಹದಿನೈದು ಗಂಟೆಯೆಂದರೆ ಮೋಸ ಎನ್ನುತ್ತಾನೆ. ಐವತ್ತು ಎಂದರೆ ಕೊಳ್ಳುತ್ತಾನೆ, ಕೊಂಡವನು ಸಂಭಾಷಣೆ ಶುರುವಾದ ಕೂಡಲೇ ಸ್ಕಿಪ್ ಒತ್ತುತ್ತಾನೆ. ಅವನ ನಾಡಿ ಹಿಡಿದ ಪೋಲೆಂಡಿನ ಟೆಕ್‌ಲ್ಯಾಂಡ್ 2022ರ ಜನವರಿಯಲ್ಲಿ, ‘ಡೈಯಿಂಗ್ ಲೈಟ್ 2’ ಪೂರ್ತಿ ಮುಗಿಸಲು 500 ಗಂಟೆ ಬೇಕು, ವಾರ್ಸಾದಿಂದ ಮ್ಯಾಡ್ರಿಡ್‌ಗೆ ನಡೆದುಹೋಗಲು ಹೆಚ್ಚುಕಮ್ಮಿ ಅಷ್ಟೇ ಹೊತ್ತು ಎಂದು ಜಂಬ ಕೊಚ್ಚಿತು. ಈ ಸಲ ಗಿರಾಕಿಯೇ ಗಾಬರಿಬಿದ್ದ. ಗಾಬರಿ ಇಳಿಸಲು ಕಂಪನಿ, ಅಯ್ಯೋ, ಮುಖ್ಯ ಕಥೆ ಬರೀ 20 ಗಂಟೆ ಮಹಾರಾಯರೇ ಎಂದು ಸಮಜಾಯಿಷಿ ಕೊಡಬೇಕಾಯಿತು. ಮಿಕ್ಕ 480 ಗಂಟೆ ಯಾವ ಲೆಕ್ಕಕ್ಕೆ ಎಂಬುದನ್ನು ಮ್ಯಾಡ್ರಿಡ್ ತಲುಪಿದವರೇ ಹೇಳಬೇಕು.

ನೆಟ್ಟಗೆ ಮುಗಿಯುವ ಆಟವೂ ಒಂದಿತ್ತು, ಈ ಮನೆತನದ ಹಿರಿಯಜ್ಜ, ಮೊದಲ ‘ಡಯಾಬ್ಲೊ’. ಟ್ರಿಸ್ಟ್ರಮ್ ಎಂಬ ಒಂದೇ ಊರು, ಒಂದು ಚರ್ಚು, ಅದರ ಕೆಳಗೆ 16 ಅಂತಸ್ತು. ಒಬ್ಬರೇ ಕೂತು ಆಡಿದರೆ ಇಳಿಯುವುದು, ಕೊಲ್ಲುವುದು, ಮುಗಿಯಿತು. ಕೊನೆಯಲ್ಲಿ ನಮ್ಮ ವೀರ ಸೈತಾನನ ಆತ್ಮವಿದ್ದ ಕಲ್ಲನ್ನು ಕಿತ್ತು, ಅವನನ್ನು ಬಂಧಿಸಿಡುವ ಭರದಲ್ಲಿ ತನ್ನ ಹಣೆಗೇ ಚುಚ್ಚಿಕೊಂಡ. ಕಂಪನಿ ಇಂಥವನನ್ನು ಸುಮ್ಮನೆ ಬಿಟ್ಟೀತೇ? ಎರಡನೇ ಭಾಗದಲ್ಲಿ ಮೂರು ಮೂರು ಸಲ ಕೊಲ್ಲಬೇಕಾದ ಡಯಾಬ್ಲೊ ಅವನೇ.