ಸೀದಾ ಒಂದು, ಉಲ್ಟಾ ಒಂದು

ಮದುವೆಯಾಗದ ಹುಡುಗಿಯೊಬ್ಬಳು ಉಲ್ಲನ್ನು, ಕಡ್ಡಿ ಹಿಡಿದು ಕೂತಳೆಂದರೆ ನೋಡಿದವರಿಗೆ ಎರಡೇ ಅನುಮಾನ. ಒಂದು, ಅವಳ ಅಕ್ಕನಿಗೋ ಅತ್ತಿಗೆಗೋ ಏನೋ ‘ವಿಶೇಷ’. ಇನ್ನೊಂದು, ಅವಳಿಗೇ ಏನೋ ಆಗಿದೆ. ಮೊದಲನೆಯದನ್ನು ನಗುನಗುತ್ತಾ ಬಾಯಿಬಿಟ್ಟು ಕೇಳುತ್ತಾರೆ. ಎರಡನೆಯದನ್ನು ಕೇಳುವುದಿಲ್ಲ, ಅಮ್ಮನಿಗೆ ಫೋನು ಮಾಡುತ್ತಾರೆ. ನಮ್ಮ ಪಿ.ಜಿ. ಆಂಟಿ ಎರಡನ್ನೂ ಮಾಡಿದರು. ನನಗೆ ಅಕ್ಕನೂ ಇಲ್ಲ, ಅತ್ತಿಗೆಯೂ ಇಲ್ಲ ಎಂದು ಅವರಿಗೆ ಗೊತ್ತಾದ ಸಂಜೆಯೇ ಅಮ್ಮನ ಫೋನು ಬಂತು: “ಯಾಕೆ ಪುಟ್ಟಿ, ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?”

ಆಫೀಸಿನಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅನ್ನಬೇಕಾದರೆ ನಾನು ಅಲ್ಲಿದ್ದೇನೆ ಎನ್ನುವುದು ಮೊದಲು ಅವರ ಗಮನಕ್ಕೆ ಬರಬೇಕು. ಬಸವನಗುಡಿಯ ಒಂದು ಆಡಿಟ್ ಆಫೀಸಿನಲ್ಲಿ ನಾನು ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ. ಸಿ.ಎ. ಓದುವವರು ತಪ್ಪಿಸಿಕೊಳ್ಳಲಾಗದ ತರಬೇತಿ ಇದು. ಮೊದಲು ಮೂರು ವರ್ಷ ಇತ್ತು, 2023ರಲ್ಲಿ ಎರಡು ವರ್ಷಕ್ಕೆ ಇಳಿಸಿದರು. ಆಮೇಲಿಂದ ಸೀನಿಯರ್‌ಗಳೆಲ್ಲ ನಮ್ಮನ್ನು ಶಿಕ್ಷೆಯಲ್ಲಿ ರಿಯಾಯಿತಿ ಸಿಕ್ಕ ಕೈದಿಗಳನ್ನು ನೋಡುವಂತೆ ನೋಡುತ್ತಾರೆ. ಕೆಲಸ ಇಷ್ಟೇ: ಯಾರೋ ಖರ್ಚು ಮಾಡಿದ ದುಡ್ಡಿಗೆ ಯಾರೋ ಬರೆದ ವೌಚರು, ಅದಕ್ಕೆ ನಾನು ಹಸಿರು ಪೆನ್ನಿನಲ್ಲಿ ಒಂದು ಟಿಕ್ಕು. ಸಂಜೆ ಎದ್ದು ಹೊರಟಾಗ ‘ಇವತ್ತು ಏನು ಮಾಡಿದೆ?’ ಎಂದು ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಏನೂ ಇರುವುದಿಲ್ಲ. ಟಿಕ್ಕುಗಳನ್ನು ಊರಿಗೆ ತೆಗೆದುಕೊಂಡು ಹೋಗಿ ಅಜ್ಜಿಗೆ ತೋರಿಸಲು ಬರುತ್ತದೆಯೇ? ಹೆಣಿಗೆಯಲ್ಲಿ ಹಾಗಲ್ಲ. ರಾತ್ರಿ ಊಟ ಮುಗಿಸಿ ಮಂಚದ ಮೇಲೆ ಕೂತರೆ ಮಲಗುವಷ್ಟರಲ್ಲಿ ನಾಲ್ಕು ಬೆರಳಗಲ ಬೆಳೆದಿರುತ್ತದೆ. ಮುಟ್ಟಿ ನೋಡಬಹುದು, ಎಳೆದು ನೋಡಬಹುದು. ಹಿಡಿಸದಿದ್ದರೆ ಬಿಚ್ಚಿ ಉಂಡೆ ಸುತ್ತಿ ಏನೂ ಆಗಿಯೇ ಇಲ್ಲವೆಂಬಂತೆ ಇಟ್ಟುಬಿಡಬಹುದು. ಸಲ್ಲಿಸಿದ ಆಡಿಟ್ ರಿಪೋರ್ಟಿಗೆ ಈ ಸೌಲಭ್ಯ ಇಲ್ಲ.

ಕಲಿಸಿದವಳು ಅಜ್ಜಿ. ಮೂಡಿಗೆರೆ ಕಡೆಯ ಮಳೆಗೆ ಸ್ವೆಟರು ಶೋಕಿಯಲ್ಲ, ಛತ್ರಿಯಷ್ಟೇ ಅಗತ್ಯ. ಅವಳ ಕಾಲದಲ್ಲಿ ಕಡ್ಡಿ ಸಿಗದಿದ್ದರೆ ಸೈಕಲ್ ಚಕ್ರದ ಕಡ್ಡಿಯನ್ನೇ ಕಲ್ಲಿಗೆ ಉಜ್ಜಿ ತುದಿ ಮಾಡಿಕೊಳ್ಳುತ್ತಿದ್ದರಂತೆ. ಅಜ್ಜನ ಸೈಕಲ್ಲು ಯಾಕೆ ಸದಾ ವಾಲುತ್ತಿತ್ತು ಎನ್ನುವುದು ಮನೆಯಲ್ಲಿ ಯಾರೂ ಬಿಡಿಸಲು ಹೋಗದ ಪ್ರಶ್ನೆ. ಅಜ್ಜಿಗೆ ಪ್ಯಾಟರ್ನ್ ಪುಸ್ತಕ ಬೇಡ. ಬಸ್ಸಿನಲ್ಲಿ ಮುಂದಿನ ಸೀಟಿನವರ ಬೆನ್ನು ಸಾಕು. ಹೊಸ ಡಿಸೈನಿನ ಸ್ವೆಟರು ಕಂಡರೆ ಬೆನ್ನನ್ನು ಮೆಲ್ಲಗೆ ಮುಟ್ಟಿ, “ಏನಿಲ್ಲಪ್ಪ, ನೀನು ಹಾಗೇ ತಿರುಕೊಂಡು ಕೂತಿರು” ಎಂದು ಹೇಳಿ ಸಾಲು ಎಣಿಸುತ್ತಾಳೆ. ಒಮ್ಮೆ ಒಬ್ಬರು ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯಲು ಬಿಡದೆ ತೋಳಿನ ಭಾಗ ಮುಗಿಸಿಯೇ ಕಳಿಸಿದ್ದಾಳೆ.

ಅವಳು ನನಗೆ ಹೇಳಿಕೊಟ್ಟ ಸಿದ್ಧಾಂತವೂ ಚಿಕ್ಕದೇ. “ಇರೋದು ಎರಡೇ. ಸೀದಾ, ಉಲ್ಟಾ. ಮಿಕ್ಕಿದ್ದೆಲ್ಲ ಅದರದ್ದೇ ತಿಪ್ಪರಲಾಗ.” ನಿಜವೇ. ಕುಣಿಕೆಯೊಳಗಿಂದ ದಾರವನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ಸೀದಾ, ಮುಂದಿನಿಂದ ಹಿಂದಕ್ಕೆ ಎಳೆದರೆ ಉಲ್ಟಾ. ಒಂದರ ಬೆನ್ನೇ ಇನ್ನೊಂದರ ಮುಖ. ನಮ್ಮ ಸರ್ ಮೊದಲ ದಿನ ಡೆಬಿಟ್ಟು, ಕ್ರೆಡಿಟ್ಟು ಎಂದು ಭಾಷಣ ಮಾಡಿದಾಗ ಉಳಿದವರು ಬರೆದುಕೊಂಡರು, ನಾನು ತಲೆಯಾಡಿಸಿದೆ.

ಅಜ್ಜಿಯ ಗೇಣಿನ ಅಳತೆ ಬಿಟ್ಟು ಪುಸ್ತಕದ ದಾರಿ ಹಿಡಿದರೆ ಮಾತ್ರ ಬೇರೆಯೇ ಲೋಕ. ಅಲ್ಲಿ ಮೊದಲು ಹತ್ತು ಸೆಂಟಿಮೀಟರ್ ಉದ್ದಗಲದ ಒಂದು ಸ್ಯಾಂಪಲ್ ತುಂಡು ಹೆಣೆದು, ಅದರಲ್ಲಿ ಎಷ್ಟು ಕುಣಿಕೆ ಬಂತು ಎಂದು ಎಣಿಸಬೇಕು. ಪುಸ್ತಕ 22 ಎನ್ನುತ್ತದೆ, ನಮ್ಮ ಕೈಯಲ್ಲಿ 20 ಬರುತ್ತದೆ. ಎರಡು ತಾನೇ, ಹೋಗಲಿ ಎಂದು ಬಿಟ್ಟರೆ ಕೆಟ್ಟಿತು. ನೂರು ಸೆಂಟಿಮೀಟರ್ ಸುತ್ತಳತೆಗೆ ಪುಸ್ತಕ ಹೇಳುವುದು 220 ಕುಣಿಕೆ. ನಮ್ಮ ಕೈಯಲ್ಲಿ ಅದೇ 220 ಕುಣಿಕೆ 110 ಸೆಂಟಿಮೀಟರ್ ಆಗಿ, ಸ್ವೆಟರಿನೊಳಗೆ ನಮ್ಮ ಜೊತೆ ಒಂದು ತಲೆದಿಂಬೂ ಹಿಡಿಸುತ್ತದೆ. ಸ್ಯಾಂಪಲ್ಲಿನಲ್ಲಿ ಸಿಕ್ಕ ತಪ್ಪನ್ನು ಇಡೀ ಲೆಕ್ಕಕ್ಕೆ ಹಿಗ್ಗಿಸಿ ನೋಡಬೇಕು ಎಂದು ಆಡಿಟ್‌ನಲ್ಲೂ ಹೇಳಿಕೊಡುತ್ತಾರೆ. ನನಗೆ ಆ ಪಾಠ ಅರ್ಥವಾದದ್ದು ಕ್ಲಾಸಿನಲ್ಲಲ್ಲ.

ಕಡ್ಡಿಯ ನಂಬರಿನದು ಇನ್ನೊಂದು ರಗಳೆ. ನೀಲಗಿರಿಯಲ್ಲಿ ತಯಾರಾಗುವ ಪೋನಿ ಕಡ್ಡಿ ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದೆ. ಅದನ್ನು ಇಂದಿಗೂ ಹಳೆಯ ಬ್ರಿಟಿಷ್ ನಂಬರಿನಲ್ಲೇ ಕೇಳುವವರು ಬಹಳ. ಆ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ. 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಅಮೆರಿಕದವರಿಗೆ ಬ್ರಿಟಿಷರು ಮಾಡಿದ್ದನ್ನು ಉಲ್ಟಾ ಮಾಡದಿದ್ದರೆ ಸಮಾಧಾನವಿಲ್ಲ. ಅವರಲ್ಲಿ 8 ಎಂದರೆ 5 ಮಿಲಿಮೀಟರ್, 10 ಎಂದರೆ 6. ಅಮೆರಿಕದ ಪ್ಯಾಟರ್ನ್ ನೋಡಿ ನಮ್ಮ ಹತ್ತನೇ ನಂಬರಿನ ಕಡ್ಡಿಯಲ್ಲಿ ಅಪ್ಪನಿಗೆಂದು ಟೋಪಿ ಶುರುಮಾಡಿದವರು ಕೊನೆಗೆ ಅದನ್ನು ಕಳಶದ ತೆಂಗಿನಕಾಯಿಗೆ ಹಾಕಬೇಕಾಗುತ್ತದೆ.

ಬೆಂಗಳೂರಿನಲ್ಲಿ ಸ್ವೆಟರ್ ಯಾಕೆ ಎಂಬ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನಾನು ಹೆಣೆಯುತ್ತಿರುವ ದಪ್ಪದ ಸ್ವೆಟರಿಗೆ ಅವತ್ತು ಸದುಪಯೋಗವಿತ್ತು. ಈಗ ಜನವರಿಯ ಬೆಳಗಿನ ಜಾವವೂ ಸಾಮಾನ್ಯವಾಗಿ ಹದಿನೈದು, ಹದಿನಾರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೂ ಹದಿನೆಂಟಕ್ಕೇ ಲಾಲ್‌ಬಾಗಿನ ವಾಕಿಂಗ್ ತಾತಂದಿರು ಮಂಕಿ ಕ್ಯಾಪು ಹಾಕಿಕೊಂಡು ಬಂದುಬಿಡುತ್ತಾರೆ. ಅವರ ಮೇಲೆ ನನಗೆ ಅಪಾರ ಗೌರವ. ಈ ನಗರದಲ್ಲಿ ಉಣ್ಣೆಯ ಮಾನ ಉಳಿದಿರುವುದೇ ಅವರಿಂದ.

ಅಸಲು ತೊಂದರೆ ಚಳಿಯದ್ದಲ್ಲ, ಕ್ಯಾಲೆಂಡರಿನದ್ದು. ಜನವರಿಗೆ ಸ್ವೆಟರು ಬೇಕೆಂದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೆಣೆಯಬೇಕು. ಟ್ಯಾಕ್ಸ್ ಆಡಿಟ್ ರಿಪೋರ್ಟಿಗೆ ಸೆಪ್ಟೆಂಬರ್ 30 ಕಡೆಯ ದಿನ. ಆ ಎರಡು ತಿಂಗಳು ನಾವು ಮನುಷ್ಯರಲ್ಲ. ಗಡುವು ಮುಂದಕ್ಕೆ ಹೋಗುತ್ತದಂತೆ ಎಂಬ ಸುದ್ದಿಯೊಂದು ಪ್ರತಿ ವರ್ಷ ಹುಟ್ಟುತ್ತದೆ. ಅದು ಹೋದರೂ ನಮ್ಮ ಸಂಕಟವಷ್ಟೇ ಮುಂದಕ್ಕೆ ಹೋಗುವುದು. ದೀಪಾವಳಿಯ ಹೊತ್ತಿಗೆ ಉಸಿರು ಬಂದು, ಬೆನ್ನಿನ ಭಾಗ ಶುರುವಾಗಿ, ಸಂಕ್ರಾಂತಿಗೆ ಎದೆ ಮುಗಿದು, ಎರಡೂ ತೋಳು ಸಿದ್ಧವಾಗುವಷ್ಟರಲ್ಲಿ ಶಿವರಾತ್ರಿ. ಶಿವಶಿವಾ ಎಂದು ಚಳಿ ಓಡಿಹೋಗುವ ದಿನವೇ ನನ್ನ ಸ್ವೆಟರಿನ ಗೃಹಪ್ರವೇಶ.

ಲೆಕ್ಕದವಳಾಗಿ ಹುಟ್ಟಿದ ಮೇಲೆ ಖರ್ಚಿನ ಪಟ್ಟಿ ಮಾಡದೆ ಇರಲಾಗುತ್ತದೆಯೇ? ಚಳಿಗಾಲ ಬಂದರೆ ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರು ಊರೂರಿನಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾರೆ. ಅವರ ಮಾಲು ಬರುವುದು ಹೆಚ್ಚಾಗಿ ಲುಧಿಯಾನದಿಂದ. ನನ್ನ ಉಲ್ಲನ್ನು ಬರುವುದೂ ಅಲ್ಲಿಂದಲೇ. ಹತ್ತಿರದಲ್ಲೇ ಸಿಗಲಿ ಎಂದರೆ ಚಳ್ಳಕೆರೆ ಕಡೆಯ ಕುರಿಯ ಉಣ್ಣೆ ಕಂಬಳಿಗೆ ಭೇಷ್, ಕುತ್ತಿಗೆಗೆ ಸುತ್ತಿಕೊಂಡರೆ ಇಡೀ ದಿನ ತುರಿಕೆ. ನಮ್ಮ ಬನ್ನೂರು ಕುರಿ ಹೆಸರು ಮಾಡಿರುವುದು ಊಟದ ವಿಭಾಗದಲ್ಲಿ. ಹಾಗಾಗಿ ಲುಧಿಯಾನದ ಅಕ್ರಿಲಿಕ್ಕೇ ಗತಿ. ಅದು ಪೆಟ್ರೋಲಿಯಂನ ಮೊಮ್ಮಗು, ಕುರಿಯ ಮುಖವನ್ನೇ ಕಂಡಿಲ್ಲ. ಒಂದೇ ಊರಿನಿಂದ ಸ್ವೆಟರಾಗಿ ಬಂದದ್ದಕ್ಕಿಂತ ದಾರವಾಗಿ ಬಂದದ್ದಕ್ಕೆ ನಾನು ಕೊಡುವ ದುಡ್ಡು ಹೆಚ್ಚು.

ಇದು ಬರೀ ದಾರದ ಲೆಕ್ಕ. ಕೂಲಿ ಸೇರಿಸಬೇಕಲ್ಲ? ಕೂಲಿಗೆ ನನ್ನ ಬಳಿ ಎರಡು ದರಗಳಿವೆ. ನನ್ನ ಒಂದು ಗಂಟೆಗೆ ಆಫೀಸು ನನಗೆ ಕೊಡುವ ಸ್ಟೈಪೆಂಡ್ ಒಂದು, ಅದೇ ಗಂಟೆಗೆ ಆಫೀಸು ಕ್ಲೈಂಟಿಗೆ ಹಾಕುವ ಬಿಲ್ಲು ಇನ್ನೊಂದು. ಮೊದಲ ದರದಲ್ಲಿ ಹಿಡಿದರೆ ನನ್ನ ಸ್ವೆಟರು ಫುಟ್‌ಪಾತಿನದಕ್ಕಿಂತ ಸ್ವಲ್ಪ ದುಬಾರಿ, ಅಷ್ಟೇ. ಎರಡನೇ ದರದಲ್ಲಿ ಹಿಡಿದರೆ ಅದನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಕು.

ಆಫೀಸಿಗೆ ಹೆಣಿಗೆ ಒಯ್ಯುವುದು ಮೆಟ್ರೋದಲ್ಲಿ ಹೆಣೆಯಲಿಕ್ಕೆ. ಸ್ಕ್ಯಾನರಿನಲ್ಲಿ ಎರಡು ಉದ್ದದ ಕಡ್ಡಿ ಕಂಡ ಕೂಡಲೇ ಬ್ಯಾಗು ಬಿಚ್ಚಿಸುತ್ತಾರೆ. ಒಂದು ದಿನ ಸೆಕ್ಯುರಿಟಿಯ ಅಕ್ಕ ಕಡ್ಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಕ್ರೋಶಾನಾ?” ಅಂದರು. ಹೆಣೆಯುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅದಕ್ಕೆ ಕೊಕ್ಕೆಯ ಕಡ್ಡಿ ಒಂದೇ, ಇದಕ್ಕೆ ಎರಡು ಎಂದು ವಿವರಿಸಿದೆ. “ಓ... ಮಗೂಗಾ?” ಅಂದರು. ಅಲ್ಲ, ನನಗೇ ಎಂದೆ. ಅವರು ಕಡ್ಡಿ ಕೆಳಗಿಟ್ಟು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಕಡ್ಡಿಗಿಂತ ನನ್ನ ಮೇಲೇ ಅನುಮಾನ ಬಂದಿತ್ತು. ಹಿಂದೆ ಕ್ಯೂ ಬೆಳೆದದ್ದರಿಂದ ಬಿಟ್ಟರು.

ಆನ್‌ಲೈನ್ ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಕಣ್ಣಿಗೆ ಬೀಳದಂತೆ ಮೇಜಿನ ಕೆಳಗೆ ಹೆಣೆಯುತ್ತೇನೆ. ಭುಜ ಅಲ್ಲಾಡುವುದನ್ನು ಕಂಡು ಸರ್ ನಾನು ಬರೆದುಕೊಳ್ಳುತ್ತಿದ್ದೇನೆಂದು ನಂಬಿ, ಉಳಿದವರಿಗೆ “ನೋಡಿ ಕಲಿತುಕೊಳ್ಳಿ” ಎಂದಿದ್ದಾರೆ. ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ನಲ್ಲಿ ಮದಾಮ್ ಡಿಫಾರ್ಜ್ ಅನ್ನುವವಳು, ಕ್ರಾಂತಿ ಬಂದಾಗ ಯಾರ ಯಾರ ತಲೆ ಹೋಗಬೇಕು ಎಂಬ ಪಟ್ಟಿಯನ್ನು ಹೆಣಿಗೆಯಲ್ಲೇ ಗುಟ್ಟಾಗಿ ದಾಖಲಿಸುತ್ತಾ ಕೂತಿರುತ್ತಾಳೆ. ನನ್ನದು ಅಷ್ಟು ಕ್ರೂರವಲ್ಲ. ಆದರೆ ನನ್ನ ನೀಲಿ ಮಫ್ಲರಿನಲ್ಲಿ ಅಲ್ಲಲ್ಲಿ ಕಾಣುವ ಬಿಗಿಯಾದ ಸಾಲುಗಳು ಯಾವ ಕ್ಲೈಂಟಿನ ಪೆಟ್ಟಿ ಕ್ಯಾಶ್ ಚರ್ಚೆಯವು ಎಂದು ನಾನು ಬೆರಳಿಟ್ಟು ಹೇಳಬಲ್ಲೆ.

ರೂಮ್‌ಮೇಟ್‌ಗೆ ಈಚೆಗೆ ಹೆಣಿಗೆ ಕಲಿಯುವ ಹುಮ್ಮಸ್ಸು ಬಂದಿದೆ. ಕಾರಣ ಅವಳ ಹುಡುಗ. ಪಶ್ಚಿಮದ ಹೆಣಿಗೆಯವರಲ್ಲಿ ಒಂದು ನಂಬಿಕೆಯಿದೆ: ಮದುವೆಗೆ ಮುಂಚೆ ಹುಡುಗನಿಗೆ ಸ್ವೆಟರು ಹೆಣೆದುಕೊಟ್ಟರೆ ಸ್ವೆಟರು ಮುಗಿಯುವುದರೊಳಗೆ ಪ್ರೀತಿ ಮುಗಿಯುತ್ತದೆ. ಅದನ್ನು ಹೇಳಿದ್ದಕ್ಕೆ ಅವಳು ಎದೆ ಭಾಗದಲ್ಲೇ ನಿಲ್ಲಿಸಿ, ಈಗ ಅದನ್ನು ಲ್ಯಾಪ್‌ಟಾಪಿಗೆ ಹೊದಿಸಿದ್ದಾಳೆ. ಅಜ್ಜಿಗೆ ಫೋನಿನಲ್ಲಿ ಹೇಳಿದೆ.

“ಹುಚ್ಚು ಮುಂಡೇವು. ನಿಮ್ಮಜ್ಜನಿಗೆ ನಾನು ಎಷ್ಟು ಸ್ವೆಟರ್ ಹಾಕಿಕೊಟ್ಟಿಲ್ಲ? ಎಲ್ಲಾದ್ರೂ ಹೋದ್ರಾ ಈ ಮನುಷ್ಯ?”

“ಅದು ಮದುವೆಯಾದ ಮೇಲೆ ಅಲ್ವಾ ಅಜ್ಜಿ? ಆಗ ಫಲ ಕೊಡಲ್ಲ ಅದು.”

“ಹೂಂ. ಮೊದಲೇ ಹೇಳಬಾರದಾ ಯಾರಾದ್ರೂ?”

ಹಿಂದಿನಿಂದ ಅಜ್ಜ ಏನೋ ಗೊಣಗಿದ್ದು ಕೇಳಿಸಿತು.

ಕೆಲವು ತಿಂಗಳ ಹಿಂದೆ ಸರ್ ಕ್ಯಾಬಿನ್ನಿಗೆ ಕರೆದರು. ಮೇಜಿನ ಕೆಳಗಿನ ವ್ಯವಹಾರ ಹೊರಬಿತ್ತೆಂದೇ ಹೋದೆ. ಹೊರಬಿದ್ದಿತ್ತು ಕೂಡ. ಆದರೆ ಅವರ ದನಿ ಮೆತ್ತಗಿತ್ತು. “ಮಗಳಿಗೆ ಏಳನೇ ತಿಂಗಳಮ್ಮ. ನೀನು ಉಲ್ಲನ್ ಹಾಕ್ತೀಯಂತಲ್ಲ. ಒಂದು ಕುಲಾವಿ, ಎರಡು ಸಾಕ್ಸು... ಸುಮ್ಮನೆ ಬೇಡ, ದುಡ್ಡು ಎಷ್ಟಾಗುತ್ತೆ ಬರೆದುಕೊಡು.” ಬರೆದುಕೊಟ್ಟೆ. ಆಫೀಸಿನ ಬಿಲ್ಲಿನ ನಮೂನೆಯಲ್ಲೇ ಬರೆದೆ: ಸಾಮಗ್ರಿ ಇಷ್ಟು, ಆರ್ಟಿಕಲ್ ಅಸಿಸ್ಟೆಂಟಿನ ಗಂಟೆಗಳು ಇಷ್ಟು, ದರ ನಮ್ಮ ಕ್ಲೈಂಟ್‌ಗಳಿಗೆ ಹಾಕುವಷ್ಟೇ, ಮೇಲೆ ಶೇಕಡಾ 18 ಜಿ.ಎಸ್.ಟಿ.

ಸಂಜೆಗೆ ಕಾಗದ ವಾಪಸು ಬಂತು, ಹಸಿರು ಪೆನ್ನಿನ ಮೂರು ಟಿಪ್ಪಣಿಗಳೊಂದಿಗೆ. ಒಂದು: ಜಿ.ಎಸ್.ಟಿ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಎರಡು: ಗಂಟೆಗಳು ಹೆಚ್ಚಾಯಿತು, ಆಧಾರ ಒದಗಿಸುವುದು. ಮೂರು: ಆರ್ಟಿಕಲ್‌ಶಿಪ್ ಅವಧಿಯಲ್ಲಿ ಅನುಮತಿಯಿಲ್ಲದೆ ಬೇರೆ ಉದ್ಯೋಗ ಮಾಡುವುದು ನಿಯಮಬಾಹಿರ, ಆದ್ದರಿಂದ ನಿನ್ನ ಹಿತದೃಷ್ಟಿಯಿಂದಲೇ ಹಣ ಕೊಡಲು ಬರುವುದಿಲ್ಲ.

ಕುಲಾವಿ ಬಿಟ್ಟಿಯಾಗಿಯೇ ಹೋಯಿತು. ತಿಳಿಹಳದಿ, ಅಂಚಿಗೆ ಬಿಳಿ, ಪುಸ್ತಕ ಹೇಳಿದ ಅಳತೆಗೆ ಒಂದು ಕುಣಿಕೆಯೂ ಹೆಚ್ಚುಕಮ್ಮಿ ಇಲ್ಲ. ಮಗು ಹುಟ್ಟಿದೆ, ತಾಯಿ ಮಗು ಇಬ್ಬರೂ ಕ್ಷೇಮ. ತಲೆ ಮಾತ್ರ ಅಜ್ಜನ ತಲೆ, ಪುಸ್ತಕದ ಅಳತೆಗೆ ಹಿಡಿಸುವಂಥದ್ದಲ್ಲ. ಸರ್ ಕುಲಾವಿ ವಾಪಸು ತಂದು ನನ್ನ ಮೇಜಿನ ಮೇಲಿಟ್ಟಿದ್ದಾರೆ. ಅದಕ್ಕೂ ಒಂದು ಹಸಿರು ಚೀಟಿ ಪಿನ್ ಮಾಡಿದೆ: ‘ವ್ಯತ್ಯಾಸಕ್ಕೆ ಕಾರಣ ಕೊಡುವುದು.’