ಈಗೇನು ಓದ್ತಾ ಇದ್ದೀರಿ?

‘ಊಟ ಆಯ್ತಾ?’ ಎಂದು ಕೇಳಿದವರಿಗೆ ಆಗಿರಲಿ ಬಿಡಲಿ, ‘ಆಯ್ತು’ ಅಂದುಬಿಟ್ಟರೆ ಮುಗಿಯಿತು. ಏನು ಸಾರು, ಉಪ್ಪು ಹದವಾಗಿತ್ತೇ ಎಂದು ಯಾರೂ ಬೆನ್ನು ಹತ್ತುವುದಿಲ್ಲ. ‘ಈಗೇನು ಓದ್ತಾ ಇದ್ದೀರಿ?’ ಅಷ್ಟು ಸುಲಭಕ್ಕೆ ಬಿಡುವ ಪ್ರಶ್ನೆಯಲ್ಲ. ಪುಸ್ತಕದ ಹೆಸರು ಹೇಳಬೇಕು. ಹೇಳಿದ ತಪ್ಪಿಗೆ ಹೇಗಿದೆ ಅಂತಲೂ ಹೇಳಬೇಕು. ‘ಚೆನ್ನಾಗಿದೆ’ ಅಂದರೆ ಸಾಲದು, ಒಂದೆರಡು ಕುಂದು ಹುಡುಕಿ ಹೇಳಿದರೆ ಮಾತ್ರ ನಿಜವಾಗಿಯೂ ಓದಿದ್ದೇವೆಂದು ನಂಬುತ್ತಾರೆ. ಇಷ್ಟೆಲ್ಲ ಹೇಳಿ ಎದುರಿನವರ ಮುಖ ನೋಡಿದರೆ, ಅವರಿಗೆ ನನ್ನ ಉತ್ತರ ಬೇಕಾಗಿಯೇ ಇರಲಿಲ್ಲ! ನಾನು ಯಾವಾಗ ‘ಮತ್ತೆ ನೀವು?’ ಅಂತೀನೋ ಎಂದು ಕಾಯುತ್ತಿರುತ್ತಾರೆ.

ಹೀಗಾಗಿ ಎಲ್ಲರೂ ಒಂದೊಂದು ಉತ್ತರ ಸಿದ್ಧ ಇಟ್ಟುಕೊಂಡಿರುತ್ತಾರೆ. ‘ಪರ್ವ’ ಎನ್ನುವವರು ಸಾಮಾನ್ಯವಾಗಿ ನಿವೃತ್ತರು. 1979ರಲ್ಲಿ ಬಂದ ಆ ಕಾದಂಬರಿಯನ್ನು ಕೆಲವರು ಅಂದಿನಿಂದಲೂ ಓದುತ್ತಿದ್ದಾರೆಂದು ನನ್ನ ಗುಮಾನಿ. ಎಲ್ಲಕ್ಕಿಂತ ಸುರಕ್ಷಿತವಾದ ಉತ್ತರ ‘ಮಂಕುತಿಮ್ಮನ ಕಗ್ಗ’. 945 ಪದ್ಯ, ಯಾವುದಾದರೂ ಒಂದು ನಾಲಿಗೆಯ ತುದಿಯಲ್ಲಿದ್ದೇ ಇರುತ್ತದೆ. ಮೇಲಾಗಿ ‘ಮುಗೀತಾ?’ ಎಂದು ಯಾರೂ ಕೇಳುವಂತಿಲ್ಲ. ಕೇಳಿದವರೇ ಅರಸಿಕರಾಗುತ್ತಾರೆ.

ಬಾಯಿಬಿಟ್ಟು ಯಾರೂ ಹೇಳದ ಹೆಸರೆಂದರೆ ಎನ್. ನರಸಿಂಹಯ್ಯನವರದು. ಅವರು ಓದಿದ್ದು ನಾಲ್ಕನೇ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಒಂದು ಇಡೀ ತಲೆಮಾರು ದೀಪದ ಬೆಳಕಿನಲ್ಲಿ ಕತ್ತು ಬಗ್ಗಿಸಿಕೊಂಡು ಓಡಿದೆ. ಕನ್ನಡಿಗರಿಗೆ ಓದುವ ಚಟ ಹತ್ತಿಸಿದವರ ಪಟ್ಟಿ ಮಾಡಿದರೆ ಅವರು ಮೇಲಿನ ಸಾಲಿನಲ್ಲೇ ಬರಬೇಕು. ಆದರೂ ‘ಈಗ ಪುರುಷೋತ್ತಮನ ಸಾಹಸ ಓದ್ತಾ ಇದ್ದೀನಿ’ ಎಂದು ಎದೆ ತಟ್ಟಿ ಹೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಪಠ್ಯಪುಸ್ತಕದ ಮಧ್ಯೆ ಇಟ್ಟುಕೊಂಡು ಓದಿದ ಕಾಲದ ಅಳುಕು ಇನ್ನೂ ಹೋಗಿಲ್ಲವೇನೋ.

ಜನ ಏನು ಓದುತ್ತಾರೆಂಬ ನಿಜ ಅವರ ಬಾಯಲ್ಲಿರುವುದಿಲ್ಲ, ಪುಸ್ತಕದೊಳಗೆ ಗುರುತಿಗೆಂದು ಸಿಕ್ಕಿಸಿದ ಚೀಟಿಯಲ್ಲಿರುತ್ತದೆ. ನಮ್ಮ ಮನೆಯಲ್ಲಿ ಯಾವ ಪುಸ್ತಕ ಕೊಡವಿದರೂ ಒಂದು ಬಸ್ ಟಿಕೆಟ್ಟೋ, ಮದುವೆ ಕಾಗದದ ತುಂಡೋ, ಖಾಲಿಯಾದ ಬಿ.ಪಿ. ಮಾತ್ರೆಯ ಹಾಳೆಯೋ ಉದುರುತ್ತದೆ. ‘ಮಲೆಗಳಲ್ಲಿ ಮದುಮಗಳು’ ಒಳಗಿರುವುದು ಕರೆಂಟ್ ಬಿಲ್ಲು. ಮೀಟರ್ ನೋಡುವವರು ಕೈಯಲ್ಲಿನ ಯಂತ್ರದಿಂದ ಹರಿದು ಕೊಡುವ ಆ ನುಣುಪು ಚೀಟಿ ಪುಟಗಳ ನಡುವೆ ಮಲಗಿ ಮಲಗಿ ಬೆಳ್ಳಗಾಗಿದೆ. ತಿಂಗಳು, ಯೂನಿಟ್ಟು, ಬಾಕಿ ಎಲ್ಲ ಮಾಯ. ನಾನು ಎಂದಿನಿಂದ ಆ ಪುಸ್ತಕ ಓದುತ್ತಿದ್ದೇನೆಂಬುದಕ್ಕಿದ್ದ ಒಂದೇ ಸಾಕ್ಷಿಯೂ ಹೀಗೆ ಅಳಿಸಿಹೋಗಿದ್ದರಿಂದ ನನಗೆ ತುಂಬ ಅನುಕೂಲವಾಗಿದೆ.

ಆ ಕಾದಂಬರಿಯನ್ನು ಬೇಗ ಓದುವುದೇ ಒಂದು ಅಪಚಾರ. 1967ರ ಪುಸ್ತಕವಾದರೂ ಅದರ ಗಡಿಯಾರ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿನಲ್ಲಿ. ಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಕಾಡಿನ ಹಾದಿ ಹಿಡಿದನೆಂದರೆ ನಾವೂ ಜಿಗಣೆ ಕೊಡವಿಕೊಳ್ಳುತ್ತ ಹಿಂದೆ ನಡೆಯಬೇಕು, ಅಷ್ಟೇ. ಊರು ಎಷ್ಟು ದೂರ ಎಂದು ಕೇಳಬಾರದು. ಆ ಹುಲಿಯ ಗಾತ್ರದಲ್ಲಿ ಹೆಸರಿಗೆ ತಕ್ಕವನು, ಒಡೆಯನಿಗಿಂತ ಅವನದೇ ಠೀವಿ ಹೆಚ್ಚು. ಕನ್ನಡ ಕಾದಂಬರಿಯಲ್ಲಿ ಅವನಷ್ಟು ಗಟ್ಟಿಯಾದ ಪಾತ್ರಗಳು ಮನುಷ್ಯರಲ್ಲೂ ಬಹಳ ಇಲ್ಲ. ಒಂದು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಕೊನೆಯಲ್ಲಿ ತುಂಗಾ ನದಿಯ ಹತ್ತಿರ ಆ ನಾಯಿಗೆ ಏನಾಗುತ್ತದೆಂದು ನಾನು ಕೇಳದಿದ್ದರೂ ಹೇಳಿಬಿಟ್ಟರು. ಅಂದಿನಿಂದ ಕೊನೆಯ ಅಧ್ಯಾಯಕ್ಕೆ ನಾನು ಕಾಲಿಟ್ಟಿಲ್ಲ. ಬಿಲ್ಲು ಇದ್ದಲ್ಲೇ ಇದೆ. ಹುಲಿಯನೂ ಚೆನ್ನಾಗಿದ್ದಾನೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ಕೆಲವು ವಾರ ಈ ಪ್ರಶ್ನೆಯ ಕಾಟವೇ ತಪ್ಪಿತ್ತು. ಎಲ್ಲರ ಉತ್ತರವೂ ಒಂದೇ. ವಾಟ್ಸಾಪಿನಲ್ಲಿ ಪುಸ್ತಕದ ಪಕ್ಕ ಕಾಫಿ ಲೋಟ ಇಟ್ಟ ಫೋಟೊಗಳು. ಲೋಟದ ನೊರೆ ತಾಜಾ ಇತ್ತು, ಪುಸ್ತಕದ ಬೆನ್ನಿನ ಮೇಲೆ ಮಾತ್ರ ಒಂದು ಗೆರೆಯೂ ಬಿದ್ದಿರಲಿಲ್ಲ. ನಮ್ಮ ಬೀದಿಯ ಒಬ್ಬರು ಅದನ್ನು ತರಿಸಿಕೊಂಡು, ‘ಇದು ಕನ್ನಡದಲ್ಲೂ ಬಂದಿದೆಯಂತೆ, ಹೌದಾ?’ ಎಂದು ನನ್ನನ್ನು ವಿಚಾರಿಸಿದರು. ಮಡಿಕೇರಿಯ ದೀಪಾ ಭಾಸ್ತಿ ಎಷ್ಟು ಚೆನ್ನಾಗಿ ಅನುವಾದಿಸಿದ್ದಾರೆಂಬುದಕ್ಕೆ ಇದಕ್ಕಿಂತ ಪ್ರಶಸ್ತಿ ಬೇಕೇ?

ಆ ಕತೆಗಳಲ್ಲಿ ಒಂದು ನನ್ನನ್ನು ಪೇಚಿಗೆ ಸಿಲುಕಿಸಿತು. ಹೆಂಡತಿಯ ಹೆಸರಿನಲ್ಲಿ ಮಹಲನ್ನೇ ಕಟ್ಟಿಸುತ್ತೇನೆಂದು ಹೋದಲ್ಲಿ ಬಂದಲ್ಲಿ ಕೊಚ್ಚಿಕೊಳ್ಳುವ ಗಂಡ. ಆಕೆ ತೀರಿಕೊಂಡ ಸ್ವಲ್ಪ ದಿನಕ್ಕೇ ಇನ್ನೊಂದು ಮದುವೆಯಾಗಿ ನಗುನಗುತ್ತ ಬಾಗಿಲು ತೆರೆಯುತ್ತಾನೆ. ಬಾನು ಅವರು ಆತನನ್ನು ಒಂದು ಮಾತೂ ಬೈಯುವುದಿಲ್ಲ. ಅವನ ಪಾಡಿಗೆ ಅವನನ್ನು ಮಾತಾಡಲು ಬಿಟ್ಟು ಸುಮ್ಮನೆ ನಿಂತುಬಿಡುತ್ತಾರೆ. ಬೈದಿದ್ದರೇ ವಾಸಿ ಅನ್ನಿಸುತ್ತದೆ, ಗಂಡಸರಿಗೆ. ಉತ್ಸಾಹದಲ್ಲಿ ಈ ಕತೆಯನ್ನು ನನ್ನಾಕೆಗೆ ಹೇಳಿದೆ. ಹುರುಳೀಕಾಯಿ ನಾರು ತೆಗೆಯುತ್ತಿದ್ದವಳು ತಲೆಯೆತ್ತಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ‘ರೀ, ನನಗೆ ಮಹಲ್ ಏನೂ ಬೇಡ. ಬದುಕಿರುವಾಗಲೇ ಆ ಪುಸ್ತಕದ ಬೀರು ಒಂದು ಸಲ ಧೂಳು ಹೊಡೀರಿ, ಸಾಕು.’

ಧೂಳು ಹೊಡೆಯುವಾಗ ಸಿಕ್ಕಿದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪುಸ್ತಕ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಚಿತ್ರಗಳೂ ಅವರವೇ. ಗಿಡದ ಕುಲಗೋತ್ರ ಹೇಳುತ್ತ ಹೇಳುತ್ತ ಪಕ್ಕದಲ್ಲಿದ್ದ ಮನುಷ್ಯನ ಕುಲಗೋತ್ರವನ್ನೂ ಬಿಡಿಸಿಡುವ ಆ ತಣ್ಣನೆಯ ಕೀಟಲೆಗೆ ಸಮ ಇಲ್ಲ. ಅದನ್ನು ಓದುವಷ್ಟು ದಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ನನ್ನ ವಾಕಿಂಗು ಅರ್ಧ ಏರಿಯನ್ನೂ ದಾಟುತ್ತಿರಲಿಲ್ಲ. ಪ್ರತಿ ಪೊದೆಯ ಮುಂದೂ ಬಗ್ಗಿ ನಿಲ್ಲುವುದು. ಜೊತೆಗೆ ಬರುವ ಬ್ಯಾಂಕಿನ ಮಿತ್ರರು ಮೊದಲು ನನ್ನ ಸೊಂಟದ ಬಗ್ಗೆ ಗಾಬರಿಯಾದರು. ಕಾರಣ ತಿಳಿದ ಮೇಲೆ ‘ಓದಿ ಕೊಡ್ತೀನಿ’ ಎಂದು ಪುಸ್ತಕ ಒಯ್ದರು. ಈ ಎರಡು ಕ್ರಿಯಾಪದಗಳಲ್ಲಿ ಯಾವುದೂ ಇನ್ನೂ ನಡೆದಂತಿಲ್ಲ. ಈಚೆಗೆ ಅವರೇ ಕೇಳಿದರು: ‘ಈಗೇನು ಓದ್ತಾ ಇದ್ದೀರಿ?’

‘ಹಸುರು ಹೊನ್ನು.’

‘ಎಲ್ಲೀವರೆಗೆ ಬಂತು?’

‘ಅದು ನಿಮ್ಮ ಮನೇವರೆಗೆ ಬಂದಿದೆ ಸ್ವಾಮಿ.’

ಈ ಪ್ರಶ್ನೆಯ ಗೊಡವೆಯೇ ಇಲ್ಲದೆ ಓದುವವರು ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ, ನಮ್ಮತ್ತೆ. ಅವರಿಗೆ ಬೂಕರ್ ಗೊತ್ತಿಲ್ಲ, ಬೀರುವಿನ ಹಂಗಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕ ಚಾಪೆ ಹಾಸಿಕೊಂಡು ತ್ರಿವೇಣಿಯವರ ‘ಶರಪಂಜರ’ ತೆಗೆಯುತ್ತಾರೆ. ಮುಗಿದರೆ ನಾಲ್ಕು ದಿನ ಬಿಟ್ಟು ಮತ್ತೆ ಅದೇ. ರಟ್ಟು ಎಂದೋ ಹೋಗಿ, ಹಳೇ ಕ್ಯಾಲೆಂಡರಿನ ಲಕ್ಷ್ಮಿಯನ್ನು ಹೊದ್ದುಕೊಂಡಿದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಊರೂ ನಂಬುವುದಿಲ್ಲ, ಗಂಡ ಸತೀಶನೂ ನಂಬುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಆದರೂ ಪ್ರತಿ ಸಲ ಆ ಜಾಗ ಬಂದಾಗ ಕನ್ನಡಕ ಸರಿಮಾಡಿಕೊಂಡು ಅವನಿಗೊಂದು ಅವಕಾಶ ಕೊಡುತ್ತಾರೆ. ಮುಗಿಸಿ ಎದ್ದಾಗ ‘ಈ ಸಲವೂ ಅವನಿಗೆ ಬುದ್ಧಿ ಬರಲಿಲ್ಲ ನೋಡಿ’ ಎನ್ನುತ್ತಾರೆ. ಇಷ್ಟು ಚೊಕ್ಕವಾದ ವಿಮರ್ಶೆ ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಮೊನ್ನೆ ಸುಮ್ಮನಿರಲಾರದೆ ಬಾಗಿಲಲ್ಲಿ ನಿಂತು, ‘ಅತ್ತೆ, ಈಗೇನು ಓದ್ತಾ ಇದ್ದೀರಿ?’ ಅಂದೆ.

ಅವರು ಪುಸ್ತಕದಿಂದ ಕಣ್ಣು ತೆಗೆಯದೆ ಕೈ ಅಡ್ಡ ಮಾಡಿದರು. ‘ಸ್ವಲ್ಪ ತಡೀರಿ, ಸತೀಶ ಬಂದ.’